ಬೈಕಿಗೆ ಮೀಟರು, ಲೈಟು, ಚಾರ್ಜರು: ಮೊದಲು ಕರೆಂಟಿನ ಲೆಕ್ಕ

ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಬೈಕಿಗೆ ಹಾಕಿಸಬಹುದಾದ ಸಾಮಾನು ಒಂದಲ್ಲ ಎರಡಲ್ಲ. ಫಾಗ್ ಲೈಟು, ಮೊಬೈಲ್ ಚಾರ್ಜರು, ಡಿಜಿಟಲ್ ವೋಲ್ಟ್ ಮೀಟರು, ಜೋಡಿ ಹಾರ್ನು. ಎಲ್ಲವೂ ಉಪಯೋಗದ ವಸ್ತುಗಳೇ. ಆದರೆ ಇದಕ್ಕೆಲ್ಲ ಕರೆಂಟು ಎಲ್ಲಿಂದ ಬರಬೇಕು ಎಂದು ಅಂಗಡಿಯಲ್ಲಿ ಕೇಳುವವರು ಕಡಿಮೆ. ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಸೆಲ್ಫ್ ಒತ್ತಿದಾಗ ಗಾಡಿ ಬರೀ ಟಿಕ್ ಟಿಕ್ ಎಂದರೆ, ಆಗ ಕೇಳಿ ಪ್ರಯೋಜನವಿಲ್ಲ.

1. ಲೆಕ್ಕ ಮೊದಲು, ಖರೀದಿ ಆಮೇಲೆ. ವಾಟನ್ನು 12ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 20 ವಾಟಿನ ಎರಡು ಎಲ್‌ಇಡಿ ಫಾಗ್ ಲೈಟು ಎಂದರೆ 40 ವಾಟು, ಅಂದರೆ ಸುಮಾರು 3.3 ಆಂಪಿಯರ್. ಮೊಬೈಲ್ ಚಾರ್ಜರು ಒಂದು ಆಂಪಿಯರ್ ಆಸುಪಾಸು. ಹಾಲೊಜೆನ್ ಹೆಡ್‌ಲೈಟು 55 ಅಥವಾ 60 ವಾಟು, ಬ್ರೇಕ್ ಬಲ್ಬು 21. ಇಂಜೆಕ್ಷನ್ ಗಾಡಿಯಾದರೆ ಪೆಟ್ರೋಲ್ ಪಂಪು, ಎಂಜಿನ್ ನಿಯಂತ್ರಿಸುವ ಇಸಿಯು ಕೂಡ ಪಾಲು ಕೇಳುತ್ತವೆ. ಸಣ್ಣ ಗಾಡಿಗಳ ಮ್ಯಾಗ್ನೆಟ್ ಕಾಯಿಲ್ ಕೊಡುವುದೇ ನೂರು ವಾಟಿನ ಆಸುಪಾಸು, ಅದೂ ಎಂಜಿನ್ ಚೆನ್ನಾಗಿ ತಿರುಗುತ್ತಿರುವಾಗ. ಸಿಗ್ನಲ್‌ನಲ್ಲಿ ನಿಂತಾಗ ಇನ್ನೂ ಕಡಿಮೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಹೆಡ್‌ಲೈಟು ಸದಾ ಉರಿಯುವುದರಿಂದ, ಹಗಲಲ್ಲಿ ಅದನ್ನು ಆರಿಸಿ ಕರೆಂಟು ಉಳಿಸುವ ದಾರಿಯೂ ಇಲ್ಲ.

2. ಮೊದಲು ಕೊಳ್ಳಬೇಕಾದದ್ದು ವೋಲ್ಟ್ ಮೀಟರು. ಹಳೆಯ ಬುಲೆಟ್ಟಿನ ಹೆಡ್‌ಲೈಟಿನ ಮೇಲ್ಭಾಗದಲ್ಲಿ ಪುಟ್ಟ ಆಂಪಿಯರ್ ಮೀಟರು ಇರುತ್ತಿತ್ತು. ಮುಳ್ಳು ಪ್ಲಸ್ ಕಡೆ ವಾಲಿದರೆ ಬ್ಯಾಟರಿಗೆ ಚಾರ್ಜು, ಮೈನಸ್ ಕಡೆ ವಾಲಿದರೆ ಬ್ಯಾಟರಿಯಿಂದ ಖರ್ಚು. ನೋಡಲು ಚೆಂದ, ಆದರೆ ಬ್ಯಾಟರಿಯ ಕರೆಂಟು ಆ ಮೀಟರಿನ ಮೂಲಕವೇ ಹಾದುಹೋಗಬೇಕು. ಅಲ್ಲೊಂದು ನಟ್ಟು ಸಡಿಲವಾದರೆ ಗಾಡಿಗೇ ತೊಂದರೆ. ವೋಲ್ಟ್ ಮೀಟರಿಗೆ ಆ ಅಪಾಯವಿಲ್ಲ. ಬದಿಯಲ್ಲಿ ಕೂತು ಗಾಡಿಯ ನಾಡಿ ಹಿಡಿದಂತೆ ಬ್ಯಾಟರಿಯ ಸ್ಥಿತಿ ಹೇಳುತ್ತದೆ.

ನೆನಪಿಡಬೇಕಾದ ಅಂಕಿಗಳು ಕೆಲವೇ. ಎಂಜಿನ್ ಆಫ್ ಇದ್ದು ಕೆಲವು ಗಂಟೆ ನಿಂತ ಗಾಡಿಯಲ್ಲಿ 12.6 ಇದ್ದರೆ ಬ್ಯಾಟರಿ ತುಂಬಿದೆ. 12.0ಕ್ಕೆ ಇಳಿದಿದ್ದರೆ ಬಹುಪಾಲು ಖಾಲಿ. ಗಾಡಿ ಓಡುವಾಗ 13.5ರಿಂದ 14.5ರ ನಡುವೆ ಇರಬೇಕು. ವೇಗದಲ್ಲೂ 13 ದಾಟದಿದ್ದರೆ ಕಾಯಿಲ್, ರೆಗ್ಯುಲೇಟರ್ ಅಥವಾ ಯಾವುದೋ ಕಪ್ಲರ್ ಕೈಕೊಡುತ್ತಿದೆ. 15 ದಾಟಿತೆಂದರೆ ರೆಗ್ಯುಲೇಟರ್ ಹೋಗಿದೆ ಎಂದೇ ತಿಳಿಯಿರಿ. ಬಲ್ಬುಗಳೂ ಬ್ಯಾಟರಿಯೂ ಹಾಳಾಗುವ ಮೊದಲು ಗಾಡಿಯನ್ನು ಗ್ಯಾರೇಜಿಗೆ ಸೇರಿಸಿ. ಇಷ್ಟೊಂದು ಮುನ್ಸೂಚನೆ ಕೊಡುವ ಬೇರೆ ಸಾಮಾನು ಈ ಬೆಲೆಗೆ ಸಿಗುವುದಿಲ್ಲ.

3. ಮೀಟರಿನ ವೈರು ಬ್ಯಾಟರಿಯಿಂದಲೇ ಬರಲಿ. ಹತ್ತಿರ ಸಿಕ್ಕಿತೆಂದು ಹೆಡ್‌ಲೈಟಿನ ವೈರಿಗೆ ಮೀಟರು ಕಟ್ಟುವುದು ಸಾಮಾನ್ಯ. ಉದ್ದದ ತೆಳು ವೈರು, ಸ್ವಿಚ್ಚು, ಕಪ್ಲರುಗಳನ್ನು ದಾಟಿ ಬರುವಷ್ಟರಲ್ಲಿ ಅರ್ಧ ವೋಲ್ಟು ಕಳೆದಿರುತ್ತದೆ. ಬ್ಯಾಟರಿಯಲ್ಲಿ 14 ಇದ್ದರೂ ಮೀಟರು 13.5 ತೋರಿಸುತ್ತದೆ, ನೀವು ಇಲ್ಲದ ರೋಗಕ್ಕೆ ಮದ್ದು ಹುಡುಕುತ್ತೀರಿ. ಇದೇ ಗುಣವನ್ನು ಪರೀಕ್ಷೆಗೂ ಬಳಸಬಹುದು. ಲೈಟು ಉರಿಯುತ್ತಿರುವಾಗ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದನ್ನು ಲೈಟಿನ ಪ್ಲಸ್‌ಗೆ ಇಡಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲಿ ಎಲ್ಲೋ ತುಕ್ಕು, ಸಡಿಲ ಲಗ್ಗು ಅಥವಾ ಸಾಲದ ವೈರು ಇದೆ.

4. ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ. ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ. ಫ್ಯೂಸು ಕಾಯುವುದು ತನ್ನ ಮುಂದಿನ ವೈರನ್ನು ಮಾತ್ರ. ಅದಕ್ಕೂ ಬ್ಯಾಟರಿಗೂ ನಡುವಿನ ವೈರು ಫ್ರೇಮಿಗೆ ಉಜ್ಜಿ ಸಿಪ್ಪೆ ಕಳಚಿದರೆ ಬೆಂಕಿಯನ್ನು ತಡೆಯುವವರಿಲ್ಲ, ಮೇಲೆ ಪೆಟ್ರೋಲ್ ಟ್ಯಾಂಕು ಬೇರೆ. ಮೇಲೆ ಹೇಳಿದ ಫಾಗ್ ಲೈಟುಗಳಿಗೆ 5 ಆಂಪಿಯರ್ ಸಾಕು. ಪದೇ ಪದೇ ಹೋಗುತ್ತದೆಂದು 20 ಆಂಪಿಯರ್ ಹಾಕುವ ಅಭ್ಯಾಸವನ್ನು ದಯವಿಟ್ಟು ಬಿಡಿ.

5. ಹೆಚ್ಚು ಕರೆಂಟು ಎಳೆಯುವುದಕ್ಕೆ ರಿಲೇ. ಜೋಡಿ ಹಾರ್ನಿನ ಕರೆಂಟನ್ನು ಹ್ಯಾಂಡಲ್ ಮೇಲಿನ ಪುಟ್ಟ ಸ್ವಿಚ್ಚು ಬಹಳ ದಿನ ತಾಳುವುದಿಲ್ಲ. ನಾಲ್ಕು ಪಿನ್ನಿನ ರಿಲೇ ತನ್ನಿ. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಹಾದುಬಂದ ವೈರು, 87ರಿಂದ ಹಾರ್ನಿಗೆ, ಹಳೆಯ ಹಾರ್ನಿಗೆ ಹೋಗುತ್ತಿದ್ದ ಎರಡು ವೈರು 85 ಮತ್ತು 86ಕ್ಕೆ. ಹೊಸ ಹಾರ್ನಿನ ಇನ್ನೊಂದು ತುದಿ ಬ್ಯಾಟರಿಯ ಮೈನಸ್‌ಗೆ. ಇನ್ನು ಮೇಲೆ ಸ್ವಿಚ್ಚಿಗೆ ಬೀಳುವುದು ರಿಲೇ ಕಾಯಿಲಿನ ಅಲ್ಪ ಕರೆಂಟು ಮಾತ್ರ. ಅಂದಹಾಗೆ, ರಾಗ ಹಾಡುವ ಹಾರ್ನು, ಕಿವಿಗಡಚಿಕ್ಕುವ ಕರ್ಕಶ ಹಾರ್ನುಗಳನ್ನು ಕೇಂದ್ರ ಮೋಟಾರು ವಾಹನ ನಿಯಮಗಳು ನಿಷೇಧಿಸಿವೆ.

6. ಕೀ ತೆಗೆದರೆ ಎಲ್ಲವೂ ಆರಬೇಕು. ಕೆಂಪು ಅಂಕಿ ಬೆಳಗುವ ಚಾರ್ಜರೊಂದು ಬರೀ 20 ಮಿಲಿಆಂಪಿಯರ್ ಕುಡಿಯುತ್ತದೆ ಎನ್ನಿ. ದಿನಕ್ಕೆ 0.48 ಆಂಪಿಯರ್ ಅವರ್. ಹತ್ತು ದಿನ ಊರಿಗೆ ಹೋಗಿಬಂದರೆ 9 ಆಂಪಿಯರ್ ಅವರ್ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು ಖಾಲಿ. ಕೀ ಹಾಕಿದಾಗ ಮಾತ್ರ 12 ವೋಲ್ಟು ಬರುವ ವೈರನ್ನು, ಹೆಚ್ಚಾಗಿ ಟೈಲ್ ಲೈಟಿನದು, ಮಲ್ಟಿಮೀಟರಿನಲ್ಲಿ ಖಚಿತಪಡಿಸಿಕೊಂಡು ಒಂದು ರಿಲೇಗೆ ಕೊಡಿ. ಮೀಟರೂ ಸೇರಿ ಎಲ್ಲ ಹೊಸ ಸಾಮಾನಿಗೂ ಬ್ಯಾಟರಿಯಿಂದ ಆ ರಿಲೇ ಮೂಲಕವೇ ಕರೆಂಟು.

7. ತಿರುಚಿ ಟೇಪು ಸುತ್ತುವುದು ಜೋಡಣೆಯಲ್ಲ. ಎಂಜಿನ್ ಬಿಸಿಗೆ ಟೇಪಿನ ಗೋಂದು ಕರಗುತ್ತದೆ, ಮಲೆನಾಡಿನ ಒಂದು ಮಳೆಗಾಲಕ್ಕೆ ತಾಮ್ರ ಹಸಿರು ಬಣ್ಣಕ್ಕೆ ತಿರುಗುತ್ತದೆ. ಸರಿಯಾದ ಕೆಲಸ ಹೀಗೆ: ವೈರಿನ ಸಿಪ್ಪೆಯನ್ನು ಅರ್ಧ ಸೆಂಟಿಮೀಟರಿನಷ್ಟು ತೆಗೆಯಿರಿ, ಒಂದು ಎಳೆಯೂ ತುಂಡಾಗದಂತೆ. ಶ್ರಿಂಕ್ ಸ್ಲೀವನ್ನು ಮೊದಲೇ ವೈರಿಗೆ ತೂರಿಸಿಟ್ಟುಕೊಳ್ಳಿ. ಲಗ್ಗಿನ ಮುಂದಿನ ರೆಕ್ಕೆ ತಾಮ್ರವನ್ನು, ಹಿಂದಿನ ರೆಕ್ಕೆ ಸಿಪ್ಪೆಯನ್ನು ಹಿಡಿಯುವಂತೆ ಕ್ರಿಂಪಿಂಗ್ ಪ್ಲೈಯರ್‌ನಲ್ಲಿ ಒತ್ತಿ, ಜೋರಾಗಿ ಎಳೆದು ನೋಡಿ. ಬರಲಿಲ್ಲವೆಂದರೆ ಸ್ಲೀವು ಸರಿಸಿ ಬಿಸಿ ಮಾಡಿ. ವೈರು ಬಹು ಎಳೆಗಳ ಆಟೊ ವೈರೇ ಆಗಬೇಕು. ಒಂಟಿ ಎಳೆಯ ಗಟ್ಟಿ ವೈರು ಬೈಕಿನ ಅದುರುವಿಕೆಗೆ ಒಳಗೇ ಮುರಿಯುತ್ತದೆ.

8. ಅರ್ತನ್ನು ಫ್ರೇಮಿಗೆ ಬಿಡಬೇಡಿ. ಪೇಂಟು, ತುಕ್ಕು ಎರಡೂ ಕರೆಂಟಿಗೆ ಅಡ್ಡಿ. ಮೈನಸ್ ವೈರನ್ನೂ ಬ್ಯಾಟರಿಯವರೆಗೆ ತನ್ನಿ. ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಕೂಡಿಸುವಾಗ ಮೈನಸ್ ಕೊನೆಗೆ. ಆಗ ಸ್ಪ್ಯಾನರ್ ಫ್ರೇಮಿಗೆ ತಗುಲಿದರೂ ಕಿಡಿ ಹಾರದು.

9. ಇಸಿಯು, ಎಬಿಎಸ್, ಸೆನ್ಸರ್ ವೈರುಗಳನ್ನು ಮುಟ್ಟಬೇಡಿ. ಅವುಗಳಲ್ಲಿ ಹಲವು 5 ವೋಲ್ಟಿನಲ್ಲಿ ಕೆಲಸ ಮಾಡುತ್ತವೆ. ಅಲ್ಲಿಂದ ಕರೆಂಟು ಕದ್ದರೆ ಎಂಜಿನ್ನಿನ ಲೆಕ್ಕಾಚಾರವೇ ತಪ್ಪುತ್ತದೆ. ವಾರಂಟಿ ಇರುವ ಗಾಡಿಯಲ್ಲಿ ಕಂಪನಿಯ ವೈರನ್ನು ಕತ್ತರಿಸುವುದಂತೂ ಬೇಡ, ಅದೇ ಅಳತೆಯ ಕಪ್ಲರ್ ಹಾಕಿ ಜೋಡಿಸಿ.

10. ತಾಪ ನೋಡಲು ವೈರೇ ಬೇಕಿಲ್ಲ. ಕೆಲವು ಮಾಡೆಲ್ಲುಗಳಿಗೆ ಎಂಜಿನ್ ಆಯಿಲ್ ಮುಚ್ಚಳದ ಜಾಗದಲ್ಲೇ ಕೂರುವ, ಮುಳ್ಳಿನ ತಾಪಮಾಪಕ ಸಿಗುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ತೆವಳುವ ಏರ್ ಕೂಲ್ಡ್ ಗಾಡಿಗೆ ನನ್ನ ಮಟ್ಟಿಗೆ ಇದೇ ಒಳ್ಳೆಯ ಆಯ್ಕೆ.

11. ಫಾಗ್ ಲೈಟು ಕೆಳಗೆ ನೋಡಲಿ. ಮಂಜಿನಲ್ಲಿ ಮೇಲಕ್ಕೆ ಹೋದ ಬೆಳಕು ನಮ್ಮ ಕಣ್ಣಿಗೇ ವಾಪಸು ಬರುತ್ತದೆ, ಎದುರಿನವರಿಗೆ ದಾರಿಯೇ ಕಾಣುವುದಿಲ್ಲ. ಲೈಟನ್ನು ತಗ್ಗಿನಲ್ಲಿ ಕೂರಿಸಿ, ರಾತ್ರಿ ಗೋಡೆಯ ಮುಂದೆ ನಿಲ್ಲಿಸಿ ಹೊಂದಿಸಿ. ಹೊಂದಿಸುವಾಗ ಗಾಡಿಯ ಮೇಲೆ ಸವಾರ ಕೂತಿರಬೇಕು, ಇಲ್ಲದಿದ್ದರೆ ಹತ್ತಿದ ಮೇಲೆ ಬೆಳಕು ಮೇಲೇಳುತ್ತದೆ.

12. ಹ್ಯಾಂಡಲ್ ಪೂರ್ತಿ ತಿರುಗಿಸಿ ನೋಡಿ. ಎಡಕ್ಕೆ, ಬಲಕ್ಕೆ, ಎಂಜಿನ್ ಚಾಲೂ ಇಟ್ಟು. ಯಾವ ವೈರೂ ಬಿಗಿಯಬಾರದು, ಸ್ಟೀರಿಂಗ್ ಕಾಲಮ್ಮಿನ ಬಳಿ ಸಿಕ್ಕಿಕೊಳ್ಳಬಾರದು. ಕಪ್ಲರಿಗೆ ಸ್ವಲ್ಪ ಮೊದಲು ವೈರು ಕೆಳಕ್ಕೆ ಇಳಿಬಿದ್ದು ಮೇಲೆ ಬರಲಿ, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ವಾಟರ್ ಸರ್ವಿಸ್ ಮಾಡಿಸುವಾಗ ಪ್ರೆಷರ್ ಪೈಪನ್ನು ಮೀಟರಿಗೆ ಹಿಡಿಯಬೇಡಿ ಎಂದು ಬಾಯಿಬಿಟ್ಟು ಹೇಳಿ.

13. ಮಾಡಿದ್ದನ್ನು ಬರೆದಿಡಿ. ಯಾವ ಬಣ್ಣದ ವೈರು ಎಲ್ಲಿಂದ ಎಲ್ಲಿಗೆ, ರಿಲೇ ಎಲ್ಲಿದೆ, ಯಾವ ಫ್ಯೂಸು ಎಷ್ಟು ಆಂಪಿಯರ್. ಒಂದು ಹಾಳೆಯಲ್ಲಿ ಚಿತ್ರ ಬಿಡಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಒಂದೆರಡು ಫ್ಯೂಸುಗಳ ಜೊತೆ ಸೀಟಿನಡಿ ಇಡಿ. ಸಕಲೇಶಪುರದಲ್ಲೋ ಕಾರವಾರದಲ್ಲೋ ಗಾಡಿ ನಿಂತಾಗ, ನಿಮ್ಮ ಬೈಕನ್ನು ಎಂದೂ ನೋಡಿರದ ಮೆಕ್ಯಾನಿಕ್ ಆ ಹಾಳೆ ನೋಡಿ ಸೀದಾ ಕೆಟ್ಟ ಜಾಗಕ್ಕೇ ಕೈ ಹಾಕುತ್ತಾನೆ.