ಎರಡನೇ ಫ್ಯಾನಿಗೆ ಮೊದಲು ಒಂದು ಬ್ರಷ್ಷು

ಅಳಿಯಾ, ಮದುವೆ ವಿಡಿಯೊ ರೆಂಡರ್ ಹಚ್ಚಿದರೆ ಪ್ರೊಸೆಸರ್ 90 ಡಿಗ್ರಿ ಮುಟ್ಟುತ್ತದೆ, ಕೂಲರಿಗೆ ಇನ್ನೊಂದು ಫ್ಯಾನ್ ಸಿಕ್ಕಿಸಲೇ ಮಾವ ಎಂದು ಕೇಳಿದ್ದೆಯಲ್ಲ. ಫೋನಿನಲ್ಲಿ ಅರ್ಧ ಹೇಳಿದೆ, ಉಳಿದದ್ದು ಇಲ್ಲಿದೆ. ನಿನ್ನದು ನೆಟ್ಟಗೆ ನಿಲ್ಲುವ ಟವರ್ ಕೂಲರ್ ಆದ್ದರಿಂದ ಇಷ್ಟು ಮಾತು. ಪ್ರೊಸೆಸರಿನ ಜೊತೆ ಡಬ್ಬಿಯಲ್ಲೇ ಬರುವ ಕುಳ್ಳ ಕೂಲರ್ ಆಗಿದ್ದರೆ ಎರಡನೆಯದಕ್ಕೆ ಜಾಗವೇ ಇರುತ್ತಿರಲಿಲ್ಲ.

• ಆಸೆ ಅಳತೆಯಲ್ಲಿರಲಿ. ಎರಡನೇ ಫ್ಯಾನಿನಿಂದ ಸಾಮಾನ್ಯವಾಗಿ ಇಳಿಯುವುದು ಎರಡು ಮೂರು ಡಿಗ್ರಿ, ಹತ್ತಲ್ಲ. ಒಂದರ ಹಿಂದೊಂದು ನಿಂತ ಫ್ಯಾನುಗಳು ಗಾಳಿಯನ್ನು ಇಮ್ಮಡಿ ಮಾಡುವುದಿಲ್ಲ, ಅದನ್ನು ದೂಡುವ ಒತ್ತಡವನ್ನು ಹೆಚ್ಚಿಸುತ್ತವೆ. ಹಾಗಾಗಿ ತಗಡುಗಳು ಒತ್ತೊತ್ತಾಗಿರುವ ಹೀಟ್‌ಸಿಂಕಿಗೆ ಲಾಭ ಜಾಸ್ತಿ, ಬಿಡಿಬಿಡಿಯಾಗಿದ್ದರೆ ಕಡಿಮೆ. ಕ್ಯಾಬಿನೆಟ್ಟಿನ ಹಿಂದಿನ ಫ್ಯಾನ್ ಕೂಲರಿನ ಬೆನ್ನಿಗೇ ಇದ್ದರೆ, ಎಳೆಯುವ ಕೆಲಸದಲ್ಲಿ ಅರ್ಧವನ್ನು ಅದು ಆಗಲೇ ಮಾಡುತ್ತಿದೆ.

• ಕೋಣೆಯ ಬಿಸಿಗಿಂತ ಕೆಳಕ್ಕೆ ಯಾವ ಫ್ಯಾನೂ ಇಳಿಸಲಾರದು. ಬೆಂಗಳೂರಿನ ನನ್ನ ಕೋಣೆ 27 ಇರುವಾಗ ಕಲಬುರಗಿಯ ನಿನ್ನ ಕೋಣೆ ಮೇ ಮಧ್ಯಾಹ್ನ 40. ಆ ಹದಿಮೂರು ಡಿಗ್ರಿ ಹೆಚ್ಚುಕಡಿಮೆ ಹಾಗೇ ಹೋಗಿ ಪ್ರೊಸೆಸರಿನ ಲೆಕ್ಕಕ್ಕೆ ಸೇರುತ್ತದೆ. ದೊಡ್ಡ ರೆಂಡರುಗಳನ್ನು ರಾತ್ರಿ ಹಚ್ಚಿ ಮಲಗು.

• ಮೊದಲು ಧೂಳು ತೆಗೆ. ಈಗಿರುವ ಫ್ಯಾನನ್ನು ಬಿಚ್ಚಿ ನೋಡು. ಅದರ ಹಿಂದೆ, ಹೀಟ್‌ಸಿಂಕಿನ ಮುಖದ ಮೇಲೆ, ಕಂಬಳಿ ಹೊದಿಸಿದ ಹಾಗೆ ಧೂಳು ಕೂತಿರುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ. ಮೆತ್ತನೆಯ ಪೇಂಟ್ ಬ್ರಷ್ ಸಾಕು. ಬ್ಲೋವರ್ ಹಿಡಿಯುವುದಾದರೆ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳು ಒತ್ತಿಟ್ಟುಕೋ, ಗಿರಗಿರನೆ ಸುತ್ತಿದರೆ ಬೇರಿಂಗ್ ಕೆಡುತ್ತದೆ. ಇಷ್ಟರಲ್ಲೇ ನಿನ್ನ ಸಮಸ್ಯೆ ಮುಗಿದರೆ ಫ್ಯಾನಿನ ದುಡ್ಡಿಗೆ ಅಕ್ಕನಿಗೆ ಏನಾದರೂ ಕೊಡಿಸು.

• ಹೀಟ್‌ಸಿಂಕನ್ನು ಬುಡದಿಂದ ಕೀಳಬೇಡ. ಫ್ಯಾನ್ ಸೇರಿಸಲು ಅದರ ಅಗತ್ಯವಿಲ್ಲ. ಕಿತ್ತರೆ ಹಳೆ ಪೇಸ್ಟ್ ಒರೆಸಿ ಹೊಸದು ಹಚ್ಚಲೇಬೇಕು. ನಿನ್ನಂತೆ ಎಎಂ4 ಬೋರ್ಡ್ ಇದ್ದವರಿಗೆ ಇನ್ನೊಂದು ಅಪಾಯ: ಪೇಸ್ಟ್ ಒಣಗಿದ್ದರೆ ಕೂಲರಿನ ತಳಕ್ಕೆ ಅಂಟಿಕೊಂಡು ಪ್ರೊಸೆಸರೇ ಮೇಲೆದ್ದು ಬರುತ್ತದೆ, ಪಿನ್ನುಗಳು ಸೊಟ್ಟಗಾಗುತ್ತವೆ.

• ಕೊಳ್ಳುವ ಮುಂಚೆ ಸ್ಕೇಲ್ ಹಿಡಿ. 120 ಮಿಲಿಮೀಟರ್ ಫ್ಯಾನಿನ ದಪ್ಪ ಸಾಮಾನ್ಯವಾಗಿ 25 ಮಿಲಿಮೀಟರ್. ಹಿಂಬದಿಯಲ್ಲಿ ಅಷ್ಟು ಜಾಗ ಇದೆಯೇ, ಕ್ಯಾಬಿನೆಟ್ ಫ್ಯಾನಿಗೆ ತಾಗುತ್ತದೆಯೇ ನೋಡು. 15 ಮಿಲಿಮೀಟರಿನ ತೆಳು ಫ್ಯಾನುಗಳೂ ಸಿಗುತ್ತವೆ. ಹಿಡಿದುಕೊಳ್ಳುವ ತಂತಿ ಕ್ಲಿಪ್ಪು ಕೂಲರಿನ ಡಬ್ಬಿಯಲ್ಲೇ ಒಂದು ಜೊತೆ ಹೆಚ್ಚುವರಿ ಇರಬಹುದು, ಹುಡುಕು. ಇಲ್ಲದಿದ್ದರೆ ಮೂಲೆಯ ತೂತುಗಳಲ್ಲಿ ಪ್ಲಾಸ್ಟಿಕ್ ಟೈ ಹಾಕಿ ಬಿಗಿದರೂ ನಡೆಯುತ್ತದೆ, ನೋಡಲು ಚೆಂದವಿಲ್ಲ ಅಷ್ಟೇ.

• ಈಗ ಮುಖ್ಯವಾದದ್ದು, ದಿಕ್ಕು. ಎರಡೂ ಫ್ಯಾನ್ ಒಂದೇ ಕಡೆಗೆ ಊದಬೇಕು: ಮುಂದಿನದು ಹೀಟ್‌ಸಿಂಕಿನೊಳಕ್ಕೆ ದೂಡಬೇಕು, ಹಿಂದಿನದು ಅದರಿಂದ ಎಳೆದು ಹಿಂಬದಿಗೆ ಬಿಡಬೇಕು. ಮೋಟಾರನ್ನು ಹಿಡಿದಿರುವ ಅಡ್ಡ ಕಡ್ಡಿಗಳಿರುವ ಮುಖದಿಂದ ಗಾಳಿ ಹೊರಗೆ ಬರುತ್ತದೆ. ಕೆಲವು ಫ್ಯಾನುಗಳ ಪಕ್ಕದಲ್ಲಿ ಬಾಣದ ಗುರುತೂ ಇರುತ್ತದೆ. ನಾನೊಮ್ಮೆ ದೀಪದ ಬೆಳಕಿನಲ್ಲಿ ಅವಸರ ಮಾಡಿ ಹಿಂದಿನದನ್ನು ತಿರುವುಮುರುವು ಹಾಕಿದ್ದೆ. ಎರಡು ಫ್ಯಾನ್ ಎದುರಾಬದುರು ಜಗಳಕ್ಕೆ ನಿಂತವು, ಬಿಸಿ ಒಂದೇ ಫ್ಯಾನ್ ಇದ್ದಾಗಿನದಕ್ಕಿಂತ ಮೇಲಕ್ಕೇರಿತು. ಎರಡು ದಿನ ಪೇಸ್ಟನ್ನು ಬೈದೆ! ಆಮೇಲೆ ಊದುಬತ್ತಿ ಹಚ್ಚಿ ಹತ್ತಿರ ಹಿಡಿದಾಗ ಹೊಗೆ ಹೋದ ದಾರಿ ನೋಡಿ ತಲೆ ಚಚ್ಚಿಕೊಂಡೆ. ನೀನೂ ಊದುಬತ್ತಿ ಹಿಡಿದು ನೋಡು, ಬೂದಿ ಬೋರ್ಡಿನ ಮೇಲೆ ಉದುರದಿರಲಿ.

• ವೈರಿಗೆ ಬಂದರೆ, ನಾಲ್ಕು ಪಿನ್ನಿನ ಪಿಡಬ್ಲ್ಯೂಎಂ ಫ್ಯಾನನ್ನೇ ತಗೋ, ಸಾಧ್ಯವಾದರೆ ಈಗಿರುವ ಕಂಪನಿ, ಮಾಡೆಲ್ಲಿನದೇ. ಬೋರ್ಡಿನಲ್ಲಿ 'ಸಿಪಿಯು ಆಪ್ಟ್' ಎಂಬ ಜಾಗವಿದ್ದರೆ ಎರಡನೆಯದು ಅಲ್ಲಿಗೆ. ಇಲ್ಲದಿದ್ದರೆ ಕವಲು ವೈರ್, ಅಂದರೆ ಸ್ಪ್ಲಿಟರ್. ಅದರ ಒಂದು ತುದಿಯಲ್ಲಿ ಒಂದು ಪಿನ್ ಕಡಿಮೆ ಇದ್ದರೆ ಅಂಗಡಿಯವನನ್ನು ಬೈಯಬೇಡ: ವೇಗದ ಲೆಕ್ಕ ಒಂದೇ ಫ್ಯಾನಿನಿಂದ ಹೋಗಲಿ ಎಂದು ಬೇಕೆಂದೇ ಬಿಟ್ಟಿರುತ್ತಾರೆ. ಹಾಗಾಗಿ ಎರಡನೆಯದು ನಿಂತುಹೋದರೂ ಬೋರ್ಡಿಗೆ ತಿಳಿಯದು, ಆಗಾಗ ಕಣ್ಣಾಡಿಸು. ಬೋರ್ಡಿನ ಒಂದು ಫ್ಯಾನ್ ಜಾಗ ಸಾಮಾನ್ಯವಾಗಿ 1 ಆಂಪಿಯರ್ ತಡೆಯುತ್ತದೆ, ಎರಡು ಸಾಧಾರಣ ಫ್ಯಾನುಗಳಿಗೆ ಧಾರಾಳ.

• ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ, ಆಮೇಲೆ ಕೈ ಹಾಕು.

• ಸದ್ದು ಹೆಚ್ಚುತ್ತದೆ. ಒಂದೇ ವೇಗದ ಎರಡು ಫ್ಯಾನ್ ಎಂದರೆ ಸುಮಾರು 3 ಡೆಸಿಬೆಲ್ ಜಾಸ್ತಿ. ನನಗೆ ಎರಡನೇ ಫ್ಯಾನಿನ ನಿಜವಾದ ಉಪಯೋಗ ಕಂಡದ್ದು ಎರಡರ ವೇಗವನ್ನೂ ಬಯಾಸಿನಲ್ಲಿ ಇಳಿಸಿದಾಗ: ಮೊದಲಿದ್ದ ಬಿಸಿಯೇ, ಆದರೆ ಸದ್ದು ಕಡಿಮೆ.

• ಹಾಕುವ ಮುಂಚೆ ಅದೇ ವಿಡಿಯೊವನ್ನು 20 ನಿಮಿಷ ರೆಂಡರ್ ಮಾಡಿ ಬಿಸಿ ಬರೆದಿಡು, ಹಾಕಿದ ಮೇಲೆ ಮತ್ತೆ ಬರೆ, ಎರಡು ಸಲವೂ ಕೋಣೆಯ ಬಿಸಿ ಒಂದೇ ಇರಲಿ. ಎರಡೂ ಅಂಕಿ ನನಗೆ ಕಳಿಸು. ವ್ಯತ್ಯಾಸ ಕಾಣದಿದ್ದರೆ ಆ ಫ್ಯಾನ್ ಬಿಚ್ಚಿ ಕ್ಯಾಬಿನೆಟ್ಟಿನ ಮುಂಭಾಗಕ್ಕೆ, ತಂಗಾಳಿ ಒಳಗೆಳೆಯುವಂತೆ ಹಾಕು. ಕೊನೆಗೆ ನೀನು ಮಾಡುವುದು ಅದನ್ನೇ ಎಂದು ನನಗೆ ಅನುಮಾನ.