ಕೊನೆಗೆ ಉಳಿದವರ ಕಥೆ ಏನು? ರೂಮ್‌ಮೇಟ್ ಆ್ಯಪ್ ಮಾಡೋಕೆ ಹೋಗಿ ನಾವು ಕಲಿತ ಪಾಠ

ಈ ಸೆಮ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಸೇರಿ ಎತ್ತಿಕೊಂಡ ವಿಷಯ, ಕಾಲೇಜು ವಿದ್ಯಾರ್ಥಿಗಳಿಗೆ ರೂಮ್‌ಮೇಟ್ ಹುಡುಕಿಕೊಡೋ ಮೊಬೈಲ್ ಆ್ಯಪ್. ಕಾರಣ ನಿಮಗೂ ಗೊತ್ತಿರೋದೇ. ಫಸ್ಟ್ ಇಯರ್ ಮುಗಿದ ಮೇಲೆ ಹಾಸ್ಟೆಲ್ ಬಿಟ್ಟು ಬಾಡಿಗೆ ಮನೆ ಹಿಡಿಯೋರು ಬಹಳ. ವಾಟ್ಸಾಪ್ ಗ್ರೂಪಲ್ಲಿ "ಒಬ್ಬರು ಬೇಕು" ಅಂತ ಮೆಸೇಜ್ ಬರುತ್ತೆ, ಮೊದಲು ಉತ್ತರ ಕೊಟ್ಟವನೇ ರೂಮ್‌ಮೇಟ್. ಎರಡು ತಿಂಗಳಾದ ಮೇಲೆ ಅಡ್ವಾನ್ಸ್ ದುಡ್ಡಿಗೆ ಜಗಳ. ಲಾಗಿನ್, ಸ್ಕ್ರೀನು, ಡೇಟಾಬೇಸು ಎಲ್ಲ ಬೇಗ ಮುಗಿದವು, ಅದರ ಬಗ್ಗೆ ಬರೆಯೋಕೆ ಏನೂ ಇಲ್ಲ. ಕಷ್ಟ ಆಗಿದ್ದು ಜೋಡಿ ಮಾಡೋದು.

ಮೊದಲ ತಪ್ಪು ಪ್ರಶ್ನೆಗಳಲ್ಲೇ ಆಯ್ತು. "ನೀವು ಕ್ಲೀನಾಗಿ ಇರ್ತೀರಾ?" ಅಂತ ಕೇಳಿದ್ವಿ. ಕ್ಲಾಸಲ್ಲಿ ಕೇಳಿದ ಪ್ರತಿಯೊಬ್ಬರೂ ಹೌದು ಅಂದ್ರು. ಅವರಲ್ಲಿ ಕೆಲವರ ರೂಮ್ ನಾವು ನೋಡಿದ್ದೀವಿ! ಆಮೇಲೆ ಪ್ರಶ್ನೆ ಬದಲಾಯಿಸಿದ್ವಿ: ತಿಂದ ತಟ್ಟೆ ಯಾವಾಗ ತೊಳೀತೀರಿ, ತಕ್ಷಣವೋ, ರಾತ್ರಿಯೋ, ಮಾರನೇ ದಿನವೋ? ಬೆಳಿಗ್ಗೆ ಅಲಾರಂ ಎಷ್ಟು ಸಲ ಹೊಡೆಯುತ್ತೆ? ರಾತ್ರಿ 12ರ ಮೇಲೆ ಲೈಟ್ ಉರೀತಿದ್ರೆ ನಿದ್ದೆ ಬರುತ್ತಾ? ಗುಣ ಕೇಳಿದ್ರೆ ಎಲ್ಲರೂ ಒಳ್ಳೆಯವರು, ಅಭ್ಯಾಸ ಕೇಳಿದ್ರೆ ಮಾತ್ರ ನಿಜ ಹೊರಗೆ ಬರುತ್ತೆ.

ಪ್ರತಿ ಪ್ರಶ್ನೆಯ ಜೊತೆ "ಇದು ನಿಮಗೆ ಎಷ್ಟು ಮುಖ್ಯ?" ಅಂತಾನೂ ಕೇಳಿ, ಅದರ ಮೇಲೆ 100ಕ್ಕೆ ಅಂಕ ಹಾಕಿದ್ವಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಸಿಗರೇಟು ಸೇದುವವನಿಗೆ ಸೇದದವನ ಜೊತೆ ಇರೋಕೆ ಏನೂ ತೊಂದರೆ ಇಲ್ಲ, ಸೇದದವನಿಗೆ ಅದೇ ದೊಡ್ಡ ತೊಂದರೆ. ಅಂದ್ರೆ ಒಂದೇ ಜೋಡಿಗೆ ಎರಡು ಅಂಕ, ಒಬ್ಬನ ಕಡೆಯಿಂದ 95, ಇನ್ನೊಬ್ಬನ ಕಡೆಯಿಂದ 25. ಸರಾಸರಿ ತೆಗೆದ್ರೆ 60 ಬಂದು ಪರವಾಗಿಲ್ಲ ಅನ್ಸುತ್ತೆ. ಆದ್ರೆ ಆ ಮನೇಲಿ ಒಬ್ಬ ದಿನಾ ನರಳ್ತಿರ್ತಾನೆ. ಹಾಗಾಗಿ ಸರಾಸರಿ ಬಿಟ್ಟು, ಎರಡರಲ್ಲಿ ಚಿಕ್ಕ ಅಂಕವನ್ನೇ ಜೋಡಿಯ ಅಂಕ ಅಂತ ಇಟ್ಟುಕೊಂಡ್ವಿ.

ಇನ್ನು ಜೋಡಿ. 4 ಜನರನ್ನ ಎರಡು ರೂಮಿಗೆ ಹಂಚೋಕೆ 3 ದಾರಿ ಇವೆ. 10 ಜನಕ್ಕೆ 945. 40 ಜನಕ್ಕೆ ಅದು 24 ಅಂಕಿಗಳ ಸಂಖ್ಯೆ, ಒಂದೊಂದೇ ಪರೀಕ್ಷೆ ಮಾಡೋ ಮಾತೇ ಇಲ್ಲ. ನಮಗೆ ಹೊಳೆದ ಸುಲಭ ದಾರಿ ಗ್ರೀಡಿ: ಅತಿ ಹೆಚ್ಚು ಅಂಕದ ಜೋಡಿಯನ್ನ ಮೊದಲು ಎತ್ತಿಡು, ಉಳಿದವರಲ್ಲಿ ಮತ್ತೆ ಅದೇ. ಕೋಡ್ ಇಪ್ಪತ್ತು ಸಾಲೂ ಆಗಲಿಲ್ಲ. ಆಮೇಲೆ ಕಾಗದದ ಮೇಲೆ ಕ, ಗ, ಚ, ಜ ಅಂತ ನಾಲ್ಕು ಜನರನ್ನ ಇಟ್ಟು ನೋಡಿದ್ವಿ. ಕ-ಗ 90, ಕ-ಚ 80, ಗ-ಜ 75, ಚ-ಜ 20 (ಉಳಿದ ಜೋಡಿಗಳಿಗೆ ಇನ್ನೂ ಕಡಿಮೆ). ಗ್ರೀಡಿ ಮೊದಲು ಕ-ಗ ಎತ್ತುತ್ತೆ, ಕೊನೆಗೆ ಚ ಮತ್ತು ಜ 20 ಅಂಕಕ್ಕೆ ಒಂದೇ ರೂಮಲ್ಲಿ. ಕ-ಚ, ಗ-ಜ ಅಂತ ಮಾಡಿದ್ರೆ 80, 75. ಯಾರೂ ನರಳಲ್ಲ.

ಅದನ್ನ ನೋಡಿ ನಮ್ಮ ಟೀಮಲ್ಲಿ ಒಬ್ಬ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಹೋದ ವರ್ಷ ನಾನೇ ಆ ಜ ಕಣ್ರೋ" ಅಂದ. ಎಲ್ಲರೂ ಮೊದಲೇ ಜೋಡಿ ಆಗಿಬಿಟ್ಟಿದ್ರು, ಮಿಕ್ಕಿದ ರೂಮಿಗೆ ಮಿಕ್ಕಿದ ಇಬ್ಬರು. ಆ ವರ್ಷ ಅವನು ರಾತ್ರಿ ಓದ್ತಿದ್ದದ್ದು ಲೈಬ್ರರಿ ಮುಚ್ಚೋವರೆಗೂ, ಆಮೇಲೆ ಕಾರಿಡಾರಲ್ಲಿ. ನಾವೂ ಅದೇ ಬ್ಯಾಚು, ನಮಗೆ ಗೊತ್ತೇ ಇರಲಿಲ್ಲ.

ಹಾಗಾದ್ರೆ 80-75ರ ಹಂಚಿಕೆಯೇ ಸರಿ ಅಂತೀರಾ? ಅದರಲ್ಲೂ ಒಂದು ತೂತಿದೆ. ಕ ಮತ್ತು ಗ ಇಬ್ಬರಿಗೂ ಈಗಿನ ಜೊತೆಗಾರನಿಗಿಂತ ಒಬ್ಬರಿಗೊಬ್ಬರು ಇಷ್ಟ. ಒಂದು ಫೋನ್ ಮಾಡಿ ಇಬ್ಬರೂ ಹೊರಟುಹೋಗ್ತಾರೆ, ಆ್ಯಪ್ ಏನೂ ಮಾಡೋಕಾಗಲ್ಲ. ಇಂಥ ಜೋಡಿ ಒಂದೂ ಇಲ್ಲದ ಹಂಚಿಕೆಗೆ ಸ್ಥಿರ ಹಂಚಿಕೆ ಅಂತಾರೆ. ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ 1962ರ ಲೇಖನದಲ್ಲಿ ಇದನ್ನ ಬಿಡಿಸಿದ್ರು. ಎರಡು ಬೇರೆ ಬೇರೆ ಗುಂಪುಗಳಿದ್ರೆ, ಉದಾಹರಣೆಗೆ ಗಂಡು-ಹೆಣ್ಣು, ಸ್ಥಿರ ಹಂಚಿಕೆ ಯಾವಾಗಲೂ ಸಿಗುತ್ತೆ. ರೂಮ್‌ಮೇಟ್‌ಗಳ ಹಾಗೆ ಒಂದೇ ಗುಂಪಾದ್ರೆ ಸಿಗದೇ ಇರಬಹುದು! ಈ ದಾರಿಯ ಕೆಲಸಕ್ಕೆ ಶಾಪ್ಲಿ ಮತ್ತು ಆಲ್ವಿನ್ ರಾತ್‌ಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಗೇಲ್ 2008ರಲ್ಲೇ ತೀರಿಕೊಂಡಿದ್ರು.

ಸಿಗದೇ ಇರೋದು ಹೇಗೆ? ಅಂಕ ಬಿಟ್ಟು, ಅವರವರ ಇಷ್ಟದ ಪಟ್ಟಿಯನ್ನೇ ತಗೊಳ್ಳಿ. ಕ-ನಿಗೆ ಮೊದಲು ಗ, ಆಮೇಲೆ ಚ. ಗ-ನಿಗೆ ಮೊದಲು ಚ, ಆಮೇಲೆ ಕ. ಚ-ನಿಗೆ ಮೊದಲು ಕ, ಆಮೇಲೆ ಗ. ಮೂವರಿಗೂ ಕೊನೆಗೆ ಜ. ಜ-ನ ಜೊತೆ ಯಾರನ್ನೇ ಹಾಕಿ, ಅವನು ಹೊರಗೆ ಬಂದು ಇನ್ನೊಂದು ಜೋಡಿಯಲ್ಲಿ ಒಬ್ಬನನ್ನ ಒಪ್ಪಿಸಿಬಿಡ್ತಾನೆ. ಒಮ್ಮೆ ಪೆನ್ ಹಿಡಿದು ಮಾಡಿ ನೋಡಿ, ಸುತ್ತುತ್ತಾನೇ ಇರುತ್ತೆ. ಸ್ಥಿರ ಹಂಚಿಕೆ ಇದೆಯೋ ಇಲ್ಲವೋ ಅಂತ ಬೇಗ ಹೇಳೋ ಅಲ್ಗಾರಿದಮ್ ಕೊಟ್ಟಿದ್ದು ರಾಬರ್ಟ್ ಅರ್ವಿಂಗ್, 1985ರಲ್ಲಿ. ನಮ್ಮ ಹಾಗೆ ಇಬ್ಬರಿಗೂ ಒಂದೇ ಅಂಕ ಇಟ್ಟರೆ ಈ ಸುತ್ತು ಬರಲ್ಲ, ಗ್ರೀಡಿಯೇ ಸ್ಥಿರ. ಆದ್ರೆ ಅದರ ಬೆಲೆ ಕಟ್ಟೋನು ಜ.

ಇದಕ್ಕಿಂತ ಜೋರಾಗಿ ಜಗಳ ಆಗಿದ್ದು ಊಟದ ಪ್ರಶ್ನೆಗೆ. "ವೆಜ್ ಮಾತ್ರ" ಅಂತ ಒಂದು ಫಿಲ್ಟರ್ ಇರಲಿ ಅಂತ ಒಬ್ಬರು ಅಂದ್ರು. ಮನೆ ಹುಡುಕೋವಾಗ ಓನರ್ ಒಬ್ಬರು ಬಾಡಿಗೆ ಹೇಳೋಕೆ ಮುಂಚೆ "ನೀವು ಯಾವ ಜನ?" ಅಂತ ಕೇಳಿದ್ದು ನಮ್ಮಲ್ಲೇ ಇನ್ನೊಬ್ಬರಿಗೆ ನೆನಪಿತ್ತು. ವೆಜ್ ಫಿಲ್ಟರ್ ಅದೇ ಪ್ರಶ್ನೆಯನ್ನ ನಯವಾಗಿ ಕೇಳುತ್ತೆ ಅನ್ನೋದು ಅವರ ವಾದ. ಕೊನೆಗೆ "ನೀವು ಏನು ತಿಂತೀರಿ" ಅನ್ನೋದನ್ನ ತೆಗೆದು, "ಮನೆಯ ಅಡುಗೆಮನೇಲಿ ಮೊಟ್ಟೆ, ಮಾಂಸ ಬೇಯಿಸಿದ್ರೆ ಆಗುತ್ತಾ" ಅಂತ ಮಾತ್ರ ಇಟ್ಟಿದ್ದೀವಿ. ಹೊರಗೆ ಏನು ತಿಂದ್ರೂ ಆ್ಯಪ್‌ಗೆ ಬೇಡ. ಅಡ್ಡಹೆಸರಿನ ಕಾಲಂ ಇಲ್ಲವೇ ಇಲ್ಲ. ಇದು ಪೂರ್ತಿ ಪರಿಹಾರ ಅಲ್ಲ ಅಂತ ನಮಗೂ ಗೊತ್ತು.

ಪ್ರೈವೆಸಿ ಬಗ್ಗೆ ಒಂದೇ ಮಾತು: ಇಬ್ಬರೂ ಒಪ್ಪೋವರೆಗೆ ಫೋನ್ ನಂಬರ್ ಕಾಣಲ್ಲ. 2023ರ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರು ಮಕ್ಕಳು, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಫಸ್ಟ್ ಇಯರ್‌ನಲ್ಲಿ 17ರವರು ಎಷ್ಟು ಜನ ಇಲ್ಲ! ಹಾಗಾಗಿ ಸದ್ಯಕ್ಕೆ 18 ಆದವರಿಗೆ ಮಾತ್ರ.

ಈಗ ನಮ್ಮ ಕೋಡ್ ಹೀಗಿದೆ. ಮೊದಲೇ ಮಾತಾಡಿಕೊಂಡ ಗೆಳೆಯರು ಟಿಕ್ ಹಾಕಿದ್ರೆ ಅವರನ್ನ ಬೇರೆ ಮಾಡಲ್ಲ. ಉಳಿದವರಲ್ಲಿ, ಅತಿ ಕಡಿಮೆ ಅಂಕದ ಜೋಡಿಯ ಅಂಕ ಎಷ್ಟು ಮೇಲೆ ಹೋಗಬಹುದು ಅಂತ ಮೊದಲು ನೋಡ್ತೀವಿ, ಒಟ್ಟು ಅಂಕ ಆಮೇಲೆ. ಕ ಮತ್ತು ಗ ಓಡಿಹೋಗದೇ ಇರಲಿ ಅಂತ ಅಂಕಗಳನ್ನ ಯಾರಿಗೂ ತೋರಿಸಲ್ಲ. ಅದು ಮೋಸ, ತೋರಿಸಲೇಬೇಕು ಅಂತ ನಮ್ಮಲ್ಲಿ ಒಬ್ಬರು ಇನ್ನೂ ಹಟ ಹಿಡಿದಿದ್ದಾರೆ. ಕಾರಿಡಾರಲ್ಲಿ ಓದಿದವನು ಮಾತ್ರ ಬೇಡ ಅಂತಾನೆ. ಮುಂದಿನ ವಾರ ರಿವ್ಯೂ ಇದೆ, ಅಷ್ಟರೊಳಗೆ ತೀರ್ಮಾನ ಆಗಬೇಕು.