'ನಾಚಿಕೆ' – ಪದದ ಅರ್ಥ ಮತ್ತು ಬಳಕೆ



ಈ ಸಲದ 'ಪದ ಪರಿಚಯ'ಕ್ಕೆ ನಾನು ಆರಿಸಿಕೊಂಡ ಪದ 'ನಾಚಿಕೆ'. "ಇದೇನು, ಎಲ್ರಿಗೂ ಗೊತ್ತಿರೋ ಪದ" ಅಂತ ನೀವು ನಗಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ಮೂಲ: 'ನಾಚು' ಎಂಬುದು ಕ್ರಿಯಾಪದ. ನಂಬು – ನಂಬಿಕೆ, ಹೆದರು – ಹೆದರಿಕೆ ಆದ ಹಾಗೆ ನಾಚು – ನಾಚಿಕೆ ಆಯಿತು. ಹಳಗನ್ನಡದಲ್ಲಿ ಇದಕ್ಕೆ 'ನಾಣ್' ಎನ್ನುತ್ತಿದ್ದರು. 'ಲಜ್ಜೆ' ಸಂಸ್ಕೃತದ 'ಲಜ್ಜಾ' ಪದದಿಂದ ಬಂದದ್ದು. ನಮ್ಮಜ್ಜಿ 'ಸಿಗ್ಗು' ಅನ್ನುತ್ತಾಳೆ. ಆ ಪದ ಕನ್ನಡದಲ್ಲೂ ಇದೆ, ತೆಲುಗಿನಲ್ಲೂ ಇದೆ.

ಅರ್ಥಗಳು:
1) ಸಂಕೋಚ. ನೆಂಟರ ಮನೆಯಲ್ಲಿ "ನಾಚ್ಕೋಬೇಡ, ಇನ್ನೊಂದು ಮುದ್ದೆ ಹಾಕಿಸ್ಕೋ" ಅನ್ನುತ್ತಾರಲ್ಲ, ಅದು. ಮುಟ್ಟಿದರೆ ಮುನಿ ಗಿಡವನ್ನು ಕೆಲವು ಕಡೆ 'ನಾಚಿಕೆ ಮುಳ್ಳು' ಎನ್ನುವುದೂ ಈ ಅರ್ಥದಿಂದಲೇ.
2) ತಪ್ಪು ಮಾಡಿದ ಮೇಲೆ ಮನಸ್ಸಿನ ಒಳಗೆ ಸುಡುವ ಸಂಕಟ. ತಲೆ ತಗ್ಗಿಸು, ಕುಗ್ಗಿ ಹೋಗು, ಭೂಮಿ ಬಾಯಿಬಿಟ್ಟು ನುಂಗಬಾರದೆ ಅನ್ನುವ ಮಾತುಗಳೆಲ್ಲ ಇದಕ್ಕೆ ಸೇರಿದವು.

ಬಳಕೆ: "ಅವನಿಗೆ ಅವಮಾನ ಮಾಡಿದರು" ಅನ್ನಬಹುದು. "ಅವನಿಗೆ ನಾಚಿಕೆ ಮಾಡಿದರು" ಅನ್ನಲು ಬರುವುದಿಲ್ಲ. ಅವಮಾನವನ್ನು ಬೇರೆಯವರು ಮಾಡಬಹುದು, ನಾಚಿಕೆ ನಮಗೇ ಆಗಬೇಕು. ಇನ್ನೊಂದು ವಿಷಯ ಗಮನಿಸಿ. 'ನಾಚಿಕೆಗೆಟ್ಟವನು', 'ಲಜ್ಜೆಗೇಡಿ' ಎಂಬ ಬೈಗುಳಗಳಲ್ಲಿ 'ಕೆಡು' ಎಂಬ ಪದ ಸೇರಿದೆ. ಅಂದರೆ ಬೈಯುವುದು ನಾಚಿಕೆ ಇದ್ದವನಿಗಲ್ಲ, ಅದನ್ನು ಕೆಡಿಸಿಕೊಂಡವನಿಗೆ. ನಾಚಿಕೆ ಉಳಿಸಿಕೊಳ್ಳಬೇಕಾದ ಗುಣ ಎಂದು ನಮ್ಮ ಹಿರಿಯರು ತಿಳಿದಿದ್ದರು.

ಉದಾಹರಣೆ: ಹೋದ ತಿಂಗಳು ನಮ್ಮ ಲೈಬ್ರರಿ ಪುಸ್ತಕದಲ್ಲಿ ನಕ್ಷೆಯ ಹಾಳೆ ಹರಿದಿದ್ದು ನಿಮಗೆಲ್ಲ ನೆನಪಿರಬಹುದು. ಕೊನೆಗೆ ಪುಸ್ತಕ ತಂದುಕೊಟ್ಟವನು ನಮ್ಮ ತರಗತಿಯ ಒಬ್ಬ ಗೆಳೆಯ. ಎಲ್ಲರೂ ಅವನನ್ನೇ "ನಾಚಿಕೆ ಆಗಲ್ವೇನೋ?" ಅಂದರು. ಅವನು "ನಾನಲ್ಲ" ಅಂದ, ಯಾರೂ ನಂಬಲಿಲ್ಲ. ಮೂರು ದಿನ ಹಿಂದಿನ ಬೆಂಚಿನಲ್ಲಿ ಒಬ್ಬನೇ ಕೂತಿದ್ದ.

ಆ ಹಾಳೆ ಹರಿದವನು ನಾನು. ಚಾರ್ಟಿಗೆ ಅಂಟಿಸಲು ಬೇಕಾಗಿತ್ತು. ಅವತ್ತು ಅವನಿಗೆ ಆದದ್ದು ಅವಮಾನ. ನನಗೆ ಯಾರೂ ಒಂದು ಮಾತೂ ಅನ್ನಲಿಲ್ಲ, ಆದರೂ ರಾತ್ರಿ ಊಟ ಸೇರಲಿಲ್ಲ. ಈ ಪದದ ಎರಡನೆಯ ಅರ್ಥ ನನಗೆ ತಿಳಿದದ್ದು ಹೀಗೆ, ನಿಘಂಟಿನಿಂದ ಅಲ್ಲ.

ಮೊನ್ನೆ ಅವನ ಮನೆಗೆ ಹೋಗಿ ಹೇಳಿದೆ. ಅವನು ಬೈಯಲಿಲ್ಲ. "ನಂಗ್ ಹೇಳಿದ್ರೆ ಏನ್ ಬಂತು? ಎಲ್ರ ಮುಂದೆ ಅಂದ್ರಲ್ಲ, ಎಲ್ರ ಮುಂದೇನೇ ಹೇಳು" ಅಂದ. ಅದಕ್ಕೇ ಇದನ್ನು ಗೋಡೆ ಪತ್ರಿಕೆಯಲ್ಲಿ ಬರೆದಿದ್ದೇನೆ. ಹಾಳೆಯನ್ನು ಚಾರ್ಟಿನಿಂದ ಬಿಡಿಸಿ ಗೋಂದು ಹಚ್ಚಿ ಪುಸ್ತಕಕ್ಕೆ ಮತ್ತೆ ಸೇರಿಸಿದ್ದೇನೆ. ಒಂದು ಮೂಲೆ ಮಾತ್ರ ಕಿತ್ತುಹೋಗಿದೆ.

ಗೆಳೆಯರೇ, ಇನ್ನು ಮೇಲೆ ಯಾರಿಗಾದರೂ "ನಾಚಿಕೆ ಆಗಲ್ವಾ?" ಅನ್ನುವ ಮುಂಚೆ ತಪ್ಪು ಯಾರದು ಅಂತ ಸರಿಯಾಗಿ ವಿಚಾರಿಸೋಣ.

ಪದದ ವಿವರಣೆಯಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕು. ನಾನು ಮಾಡಿದ ತಪ್ಪಿಗೆ ಏನು ಶಿಕ್ಷೆ ಕೊಟ್ಟರೂ ಒಪ್ಪಿಕೊಳ್ಳುತ್ತೇನೆ.

– ಹತ್ತನೇ ತರಗತಿಯ ವಿದ್ಯಾರ್ಥಿ